ಮನೆಯೇ ಪಿಂಚಣಿ ಕೊಟ್ಟರೆ ಎಷ್ಟು ಕೊಡುತ್ತದೆ?

ರಿವರ್ಸ್ ಮಾರ್ಟ್‌ಗೇಜ್ ಮಾತು, ಅಂದರೆ ಹಿರಿಯರು ಮನೆ ಅಡವಿಟ್ಟು ಬ್ಯಾಂಕಿನಿಂದ ತಿಂಗಳು ತಿಂಗಳು ಹಣ ಪಡೆದು, ಬದುಕಿರುವ ತನಕ ಅಲ್ಲೇ ಇದ್ದು, ಸಾಲವನ್ನು ಕೊನೆಗೆ ಮನೆಯಿಂದಲೇ ತೀರಿಸುವ ಯೋಜನೆಯ ಮಾತು, ಬಂದಾಗಲೆಲ್ಲ ಒಂದೇ ಸಮಜಾಯಿಷಿ ಕಿವಿಗೆ ಬೀಳುತ್ತದೆ. "ನಮ್ಮ ಜನಕ್ಕೆ ಮನೆ ಅಂದ್ರೆ ಭಾವನೆ ಸಾರ್. ಮಕ್ಕಳಿಗೆ ಬಿಟ್ಟುಹೋಗೋ ಆಸ್ತೀನ ಬ್ಯಾಂಕಿಗೆ ಬರೆದುಕೊಡೋರು ಯಾರು?" ಬ್ಯಾಂಕಿನವರೂ ಇದನ್ನೇ ಹೇಳುತ್ತಾರೆ, ಹಣಕಾಸಿನ ಅಂಕಣಗಳಲ್ಲೂ ಇದೇ ಇರುತ್ತದೆ. 2007ರ ಬಜೆಟ್ಟಿನಲ್ಲಿ ಚಿದಂಬರಂ ಘೋಷಿಸಿದ್ದು, ಅದೇ ವರ್ಷ ರಾಷ್ಟ್ರೀಯ ವಸತಿ ಬ್ಯಾಂಕ್ ನಿಯಮಾವಳಿ ಹೊರಡಿಸಿದ್ದು, ಮರುವರ್ಷ ತೆರಿಗೆ ವಿನಾಯಿತಿಯೂ ಸಿಕ್ಕಿದ್ದು. ಇಷ್ಟೆಲ್ಲ ಆದರೂ ನಿಮ್ಮ ಬೀದಿಯಲ್ಲಿ ಇದನ್ನು ತೆಗೆದುಕೊಂಡವರು ಒಬ್ಬರೂ ಇರಲಿಕ್ಕಿಲ್ಲ. ಭಾವನೆಯ ಈ ವಿವರಣೆ ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಇದೇ ಜನ ಮಗನ ಇಂಜಿನಿಯರಿಂಗ್ ಸೀಟಿಗೆ, ಮಗಳ ಮದುವೆಗೆ, ಅಳಿಯನ ಅಂಗಡಿಗೆ ಅದೇ ಮನೆಯ ಪತ್ರ ಒಯ್ದು ಅಡವಿಟ್ಟಿದ್ದಾರಲ್ಲ? ಆಗ ಅಡ್ಡಬರದ ಭಾವನೆ ಈಗ ಮಾತ್ರ ಯಾಕೆ ಬರಬೇಕು?

ನನಗೆ ಕಾಣುವುದು ಬೇರೆ. ಲೆಕ್ಕ ಬಲ್ಲವರು ಲೆಕ್ಕ ಹಾಕಿ ನೋಡಿ ಬೇಡ ಅಂದರು. ಬೇಕು ಅಂದವರ ಮನೆಯ ಕಾಗದಪತ್ರ ಬ್ಯಾಂಕಿನ ವಕೀಲರ ಮೇಜು ದಾಟಲಿಲ್ಲ. ಈ ಎರಡನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಯಾಕೆಂದರೆ ಈ ಸಾಲ ನಿಜಕ್ಕೂ ಹೊಂದುವ ಒಂದಷ್ಟು ಜನ ಇದ್ದಾರೆ, ಅವರಿಗೂ ಇದರ ಒಳಗುಟ್ಟನ್ನು ಯಾರೂ ಸರಿಯಾಗಿ ಹೇಳಿರುವುದಿಲ್ಲ.

ಎಂಬತ್ತು ಲಕ್ಷ ಅನ್ನುವುದು ಕೈಗೆ ಬರುವ ದುಡ್ಡಲ್ಲ

ಮೈಸೂರಿನಲ್ಲಿ ಒಂದು ಕೋಟಿ ಬೆಲೆಯ ಮನೆ ಅಂದುಕೊಳ್ಳೋಣ. ಬ್ಯಾಂಕು ಬೆಲೆಯ ಶೇ. 80ರವರೆಗೆ ಒಪ್ಪಿತು ಅಂತಲೂ ಇಟ್ಟುಕೊಳ್ಳೋಣ (ವಯಸ್ಸು ಅರವತ್ತರ ಆಸುಪಾಸಿನಲ್ಲಿದ್ದರೆ ಇದಕ್ಕಿಂತ ಎಷ್ಟೋ ಕಡಿಮೆ ಹೇಳುವವರೇ ಹೆಚ್ಚು). ಹೆಚ್ಚಿನವರು ಮನಸ್ಸಿನಲ್ಲೇ ಮಾಡುವ ಲೆಕ್ಕ ಹೀಗೆ: ಎಂಬತ್ತು ಲಕ್ಷವನ್ನು ಹದಿನೈದು ವರ್ಷದ 180 ತಿಂಗಳಿಗೆ ಹಂಚಿದರೆ ತಿಂಗಳಿಗೆ 44 ಸಾವಿರ ಚಿಲ್ಲರೆ. ಕೈಗೆ ಬರುವುದು ಅದರ ಅರ್ಧಕ್ಕಿಂತ ಕಡಿಮೆ. ಎಂಬತ್ತು ಲಕ್ಷ ಅನ್ನುವುದು ಅವಧಿ ಮುಗಿಯುವ ದಿನ ಅಸಲು, ಬಡ್ಡಿ, ಬಡ್ಡಿಯ ಮೇಲಿನ ಬಡ್ಡಿ ಎಲ್ಲ ಸೇರಿ ಸಾಲ ಎಷ್ಟಕ್ಕೆ ಮುಟ್ಟಬಹುದೋ ಆ ಮಟ್ಟ. ಅಂಚೆ ಕಚೇರಿಯ ಆರ್‌ಡಿಯನ್ನು ನೆನೆದುಕೊಂಡರೆ ಸುಲಭ. ತಿಂಗಳು ತಿಂಗಳು ಎಷ್ಟು ಕಟ್ಟಿದರೆ ಹದಿನೈದು ವರ್ಷಕ್ಕೆ ಎಂಬತ್ತು ಲಕ್ಷ ಆಗುತ್ತದೆ ಅನ್ನುವ ಪ್ರಶ್ನೆಯೇ ಇದು. ಇಲ್ಲಿ ಕಟ್ಟುವುದು ಬ್ಯಾಂಕು, ಬೆಳೆಯುವುದು ನಿಮ್ಮ ಸಾಲ.

ವರ್ಷಕ್ಕೆ ಶೇ. 10ರ ಬಡ್ಡಿ, ತಿಂಗಳ ಚಕ್ರಬಡ್ಡಿ ಹಿಡಿದರೆ ಉತ್ತರ 19,302 ರೂಪಾಯಿ. ಎಕ್ಸೆಲ್ ಇರುವವರು ಪಿಎಂಟಿ ಸೂತ್ರದಲ್ಲಿ ಈಗಿನ ಮೌಲ್ಯದ ಜಾಗಕ್ಕೆ ಸೊನ್ನೆ, ಮುಂದಿನ ಮೌಲ್ಯದ ಜಾಗಕ್ಕೆ 80 ಲಕ್ಷ ಹಾಕಿ ನೋಡಬಹುದು. ಹದಿನೈದು ವರ್ಷದಲ್ಲಿ ಒಟ್ಟು ಕೈಸೇರುವುದು ಸುಮಾರು 34.7 ಲಕ್ಷ, ಉಳಿದ 45.3 ಲಕ್ಷ ಬಡ್ಡಿ. ಬಡ್ಡಿ ಶೇ. 12 ಆದರೆ ತಿಂಗಳಿಗೆ 16,013ಕ್ಕೆ ಇಳಿಯುತ್ತದೆ, ಶೇ. 8 ಆದರೆ 23,119ಕ್ಕೆ ಏರುತ್ತದೆ. ಅವಧಿ ಬದಲಾದರಂತೂ ಅಂತರ ಇನ್ನೂ ದೊಡ್ಡದು. ಶೇ. 10ರಲ್ಲೇ ಹತ್ತು ವರ್ಷಕ್ಕೆ ತೆಗೆದುಕೊಂಡರೆ ತಿಂಗಳಿಗೆ 39,054, ಇಪ್ಪತ್ತು ವರ್ಷಕ್ಕಾದರೆ ಬರೀ 10,535. ಹೆಚ್ಚು ಕಾಲ ಬರಲಿ ಅಂತ ಇಪ್ಪತ್ತು ವರ್ಷ ಆರಿಸಿಕೊಂಡವರಿಗೆ ಒಟ್ಟು ಸಿಗುವುದೂ ಕಡಿಮೆಯೇ, 25.3 ಲಕ್ಷ. ಅರವತ್ತೆರಡಕ್ಕೆ ಈ ಸಾಲಕ್ಕೆ ಕೈಹಾಕಬೇಡಿ ಅಂತ ನಾನು ಹೇಳುವುದು ಇದಕ್ಕೇ. ಚಿಕ್ಕ ವಯಸ್ಸು, ಉದ್ದ ಅವಧಿ, ಕಡಿಮೆ ಶೇಕಡಾವಾರು ಮೂರೂ ಒಟ್ಟಿಗೆ ಬಂದು ಕಂತನ್ನು ಹಿಂಡಿಬಿಡುತ್ತವೆ.

ಈ 19,302 ಹದಿನೈದು ವರ್ಷವೂ 19,302 ಆಗಿಯೇ ಇರುತ್ತದೆ. ತುಟ್ಟಿಭತ್ಯೆಯ ಮಾತಿಲ್ಲ. ಬೆಲೆಯೇರಿಕೆ ವರ್ಷಕ್ಕೆ ಶೇ. 6 ಹಿಡಿದರೂ ಕೊನೆಯ ವರ್ಷದ ಕಂತಿಗೆ ಇವತ್ತಿನ ಎಂಟು ಸಾವಿರದ ಬೆಲೆ. ಮನೆಯ ಬೆಲೆಯನ್ನು ಐದು ವರ್ಷಕ್ಕೊಮ್ಮೆಯಾದರೂ ಮರು ಅಂದಾಜು ಮಾಡಬೇಕೆಂದು ನಿಯಮಾವಳಿಯಲ್ಲಿದೆ. ಬೆಲೆ ಏರಿದ್ದರೆ ಕಂತು ಏರಿಸಬಹುದು, ಆದರೆ ಅದು ಬ್ಯಾಂಕಿನ ಮರ್ಜಿ. ಅಲ್ಲಿಯೇ ಇನ್ನೊಂದು ಸಾಲೂ ಇದೆ, ಯಾರೂ ಓದಿ ಹೇಳುವುದಿಲ್ಲ: ಮರು ಅಂದಾಜಿನ ನಂತರ ಬ್ಯಾಂಕು ಹೇಳುವ ಹೊಸ ಷರತ್ತನ್ನು ನೀವು ಒಪ್ಪದಿದ್ದರೆ ಮುಂದಿನ ಕಂತುಗಳು ನಿಲ್ಲುತ್ತವೆ, ಅಲ್ಲಿಯವರೆಗಿನ ಸಾಲಕ್ಕೆ ಹಳೆಯ ದರದಲ್ಲಿ ಬಡ್ಡಿ ಬೆಳೆಯುತ್ತಲೇ ಇರುತ್ತದೆ.

ಒಳ್ಳೆಯದನ್ನೂ ಹೇಳಬೇಕು. ಬರುವ ಕಂತಿಗೆ ಆದಾಯ ತೆರಿಗೆ ಇಲ್ಲ, ಅದು ಸಾಲವೇ ಹೊರತು ಆದಾಯ ಅಲ್ಲ ಅಂತ 2008ರ ಹಣಕಾಸು ಕಾಯ್ದೆಯಲ್ಲೇ ಸ್ಪಷ್ಟಪಡಿಸಿದ್ದಾರೆ. ಮನೆ ಅಡವಿಡುವುದನ್ನು ಆಸ್ತಿ ವರ್ಗಾವಣೆ ಅಂತ ಎಣಿಸುವುದಿಲ್ಲ, ಹಾಗಾಗಿ ಬಂಡವಾಳ ಲಾಭದ ತೆರಿಗೆಯ ಪ್ರಶ್ನೆ ಏಳುವುದು ಮುಂದೆ ಮನೆ ಮಾರಾಟವಾದಾಗ ಮಾತ್ರ. ಸಾಲ ಎಷ್ಟೇ ಬೆಳೆದರೂ ಮನೆ ಮಾರಿ ಬಂದದ್ದಕ್ಕಿಂತ ಹೆಚ್ಚಿಗೆ ಒಂದು ರೂಪಾಯಿಯನ್ನೂ ಬ್ಯಾಂಕು ಕೇಳುವಂತಿಲ್ಲ. ಮಕ್ಕಳ ಸಂಬಳಕ್ಕೋ ಅಪ್ಪನ ಎಫ್‌ಡಿಗೋ ಕೈಹಾಕುವಂತಿಲ್ಲ. ಇಷ್ಟು ಬಿಗಿಯಾದ ರಕ್ಷಣೆ ಮಾಮೂಲಿ ಮನೆಸಾಲದಲ್ಲಿಲ್ಲ. ಆದರೆ ಈ ರಕ್ಷಣೆಯ ಖರ್ಚನ್ನು ಯಾರೋ ಹೊರಬೇಕಲ್ಲ? ಅಮೆರಿಕದಲ್ಲಿ ಸರ್ಕಾರಿ ವಿಮೆ ಹೊರುತ್ತದೆ. ಅದಕ್ಕೇ ಅಲ್ಲಿ 62 ದಾಟಿದವರಿಗೆ ಮನೆಯಲ್ಲಿರುವಷ್ಟು ಕಾಲವೂ ತಿಂಗಳ ಹಣ ಕೊಡುವ ಆಯ್ಕೆ ಇದೆ. ನಮ್ಮಲ್ಲಿ ಅಂಥ ವಿಮೆ ಇಲ್ಲ, ಹಾಗಾಗಿ ಬ್ಯಾಂಕು ಕಂತನ್ನೇ ಸಣ್ಣದು ಮಾಡಿ, ಅವಧಿಗೆ ಗಡಿ ಹಾಕಿ ತನ್ನ ಮೈ ಉಳಿಸಿಕೊಳ್ಳುತ್ತದೆ.

ಎರಡು ಮೀಟರಿನ ಮನೆ

ಬ್ಯಾಂಕಿನ ಪರವಾಗಿ ಬೆಲೆ ಕಟ್ಟುವ ವ್ಯಾಲ್ಯುವರ್ ಮನೆ ನೋಡಲು ಬರುವ ಬೆಳಿಗ್ಗೆ ಏನಾಗುತ್ತದೆ ಅಂತ ಗಮನಿಸಿದರೆ ಈ ಯೋಜನೆಗೂ ನಮ್ಮೂರಿನ ಮನೆಗಳಿಗೂ ಎಲ್ಲಿ ತಾಳೆಯಾಗುವುದಿಲ್ಲ ಅಂತ ಗೊತ್ತಾಗುತ್ತದೆ. 30-40ರ ಸೈಟು, ಎಂಬತ್ತರ ದಶಕದ ಕೊನೆಯಲ್ಲಿ ಕಟ್ಟಿದ್ದು. ಆತ ಗೇಟು ದಾಟುತ್ತಲೇ ಮೊದಲು ನೋಡುವುದು ವರಾಂಡದ ಗೋಡೆಯ ಮೀಟರ್ ಬೋರ್ಡು. ಎರಡು ಮೀಟರು, ಎರಡು ಆರ್‌.ಆರ್‌. ನಂಬರು. ಹೊರಗಿನಿಂದಲೇ ಹತ್ತುವ ಮೆಟ್ಟಿಲು, ಅದರ ಕೆಳಗೆ ಯಾರದೋ ಸ್ಕೂಟರು. "ಮೇಲೆ ಬಾಡಿಗೆಗೆ ಇದ್ದಾರಾ?" ಅಂತ ಕೇಳುವ ಅಗತ್ಯವೇ ಬೀಳುವುದಿಲ್ಲ. ಆಮೇಲೆ ಟೇಪು ಹಿಡಿದು ಪಕ್ಕದ ಓಣಿ ಅಳೆಯುತ್ತಾನೆ, ನಕ್ಷೆಯಲ್ಲಿ ಮೂರಡಿ ಬಿಟ್ಟಿದ್ದ ಜಾಗದಲ್ಲಿ ಒಂದೂವರೆ ಅಡಿ ಉಳಿದಿರುತ್ತದೆ. ಸಜ್ಜಾದ ಅಡಿಯಲ್ಲಿ ಗಾರೆ ಉದುರಿ ತುಕ್ಕು ಹಿಡಿದ ಕಂಬಿ ಕಾಣುತ್ತಿದ್ದರೆ ಮೊಬೈಲಿನಲ್ಲಿ ಫೋಟೊ. ಬಚ್ಚಲುಮನೆಯ ತಾರಸಿಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ ಟೊಳ್ಳು ಸದ್ದು ಬರುತ್ತದಾ ನೋಡುತ್ತಾನೆ. ಮಂಜೂರಾದ ನಕ್ಷೆ ತೋರಿಸಿ ಅಂದರೆ ಬರುವುದು ಕೆಳಮನೆಯದು ಮಾತ್ರ. ಮೇಲಿನದನ್ನು ಮಗಳ ಮದುವೆ ಮುಗಿದ ಮೇಲೆ ಕಟ್ಟಿದ್ದು, ನಕ್ಷೆಗೆ ಅಂತ ಯಾರೂ ಹೋಗಿರುವುದಿಲ್ಲ.

ಇದರಲ್ಲಿ ಒಂದೊಂದೂ ಒಂದೊಂದು ತೊಡಕು. ಕಟ್ಟಡಕ್ಕೆ ಇನ್ನೂ ಕನಿಷ್ಠ 20 ವರ್ಷದ ಆಯಸ್ಸಿದೆ ಅಂತ ವ್ಯಾಲ್ಯುವರ್ ಬರೆದುಕೊಡಬೇಕು. ಹಂಚಿನ ಮನೆ, ಮದ್ರಾಸ್ ತಾರಸಿಯ ಮನೆಗಳು ಇಲ್ಲೇ ನಿಂತುಬಿಡುತ್ತವೆ. ನಕ್ಷೆ ಇಲ್ಲದ ಮೇಲ್ಮನೆಯನ್ನು ಬೆಲೆಗೆ ಹಿಡಿಯುವುದಿಲ್ಲ. ಎಲ್ಲಕ್ಕಿಂತ ದೊಡ್ಡದು ಬಾಡಿಗೆ. ಮನೆಯನ್ನು, ಅದರ ಒಂದು ಭಾಗವನ್ನೂ ಸಹ, ಬಾಡಿಗೆಗೆ ಕೊಟ್ಟರೆ ಸಾಲದ ಷರತ್ತು ಮುರಿದಂತೆ ಅಂತ ಎಣಿಸಲು ನಿಯಮಾವಳಿ ಅವಕಾಶ ಕೊಡುತ್ತದೆ. ನಮ್ಮ ಊರುಗಳಲ್ಲಿ ನಿವೃತ್ತರ ನಿಜವಾದ ಪಿಂಚಣಿ ಅಂದರೆ ಆ ಮೇಲ್ಮನೆಯೇ. ತಿಂಗಳಿಗೆ ಹನ್ನೆರಡು ಸಾವಿರ ತರುವ ಬಾಡಿಗೆದಾರರನ್ನು ಬಿಡಿಸಿ, ಹತ್ತೊಂಬತ್ತು ಸಾವಿರದ ಸಾಲದ ಕಂತು ತೆಗೆದುಕೊಂಡರೆ ಹೆಚ್ಚಿಗೆ ಸಿಕ್ಕಿದ್ದು ಏಳು ಸಾವಿರ. ಆ ಏಳು ಸಾವಿರಕ್ಕೆ ಇಡೀ ಮನೆ ಅಡ. ಬಾಡಿಗೆಯಾದರೂ ಎರಡು ಮೂರು ವರ್ಷಕ್ಕೊಮ್ಮೆ ಏರುತ್ತದೆ, ಕಷ್ಟಕ್ಕೆ ಮೇಲಿನವರು ಆಸ್ಪತ್ರೆಗೂ ಬರುತ್ತಾರೆ. ಭಾವನೆ ಅಂತ ಬ್ಯಾಂಕಿನವರು ಕರೆಯುವುದರಲ್ಲಿ ಅರ್ಧ ಈ ಲೆಕ್ಕವೇ ಇದೆ.

ಭೋಗ್ಯದ ದಾರಿಯನ್ನೂ ಇದರ ಪಕ್ಕಕ್ಕೆ ಇಟ್ಟು ನೋಡಬೇಕು, ಬೆಂಗಳೂರಿನಲ್ಲಿ ಎಷ್ಟೋ ಹಿರಿಯರು ಸದ್ದಿಲ್ಲದೆ ಮಾಡಿಕೊಂಡು ಬಂದಿರುವುದು ಇದನ್ನೇ. ಮೇಲ್ಮನೆಯನ್ನು 15 ಲಕ್ಷಕ್ಕೆ ಮೂರು ವರ್ಷ ಭೋಗ್ಯಕ್ಕೆ ಕೊಟ್ಟು, ಆ ದುಡ್ಡನ್ನು ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿಟ್ಟರೆ ಶೇ. 8.2ರ ಲೆಕ್ಕದಲ್ಲಿ ಮೂರು ತಿಂಗಳಿಗೊಮ್ಮೆ 30,750, ಅಂದರೆ ತಿಂಗಳಿಗೆ 10,250. ಮನೆಯ ಮೇಲೆ ಬೆಳೆಯುವ ಸಾಲ ಇಲ್ಲ. ತೊಂದರೆ ಇರುವುದು ಅವಧಿಯಲ್ಲಿ: ಉಳಿತಾಯ ಯೋಜನೆ ಐದು ವರ್ಷದ್ದು, ಭೋಗ್ಯ ಮೂರು ವರ್ಷದ್ದು. ಮಧ್ಯದಲ್ಲಿ ತೆಗೆದರೆ ಎರಡು ವರ್ಷ ದಾಟಿದ ಮೇಲೂ ಠೇವಣಿಯ ಶೇ. 1 ಕಡಿತ. ಬಡ್ಡಿಗೆ ತೆರಿಗೆ ಇದೆ. ಮತ್ತೆ, ಭೋಗ್ಯದ ದುಡ್ಡನ್ನು ಮಗನ ಕಾರಿಗೋ ಇನ್ನಾವುದಕ್ಕೋ ಕೊಟ್ಟುಬಿಟ್ಟವರು ಮೂರು ವರ್ಷದ ನಂತರ ಹೊಸ ಭೋಗ್ಯದವರನ್ನು ಹುಡುಕಿ ಹಳಬರಿಗೆ ಕೊಡುವ ಚಕ್ರಕ್ಕೆ ಬೀಳುತ್ತಾರೆ.

ಪತ್ರ ನೋಡುವ ವಕೀಲರು

ಮನೆ ಸ್ವಯಾರ್ಜಿತ ಆಗಿರಬೇಕು. ಅಪ್ಪನಿಂದ ಬಂದ ಮನೆಯಾದರೆ ವಿಭಾಗಪತ್ರ ಎಲ್ಲಿ, ಅಕ್ಕತಂಗಿಯರ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಿದೆಯಾ ಅನ್ನುವ ಪ್ರಶ್ನೆ ಬರುತ್ತದೆ. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂದದ್ದು ಕೇಂದ್ರದ 2005ರ ತಿದ್ದುಪಡಿಗೂ ಮೊದಲೇ, 1994ರಲ್ಲಿ. ಹಾಗಾಗಿ ಇಲ್ಲಿನ ವಕೀಲರು ಈ ವಿಷಯದಲ್ಲಿ ಹೆಚ್ಚು ಜಾಗರೂಕರು. ಬಿಳಿ ಹಾಳೆಯಲ್ಲಿ ಪಂಚಾಯ್ತಿ ಮಾಡಿ ಬರೆದುಕೊಂಡ ಪಾಲುಪಟ್ಟಿ ನಡೆಯುವುದಿಲ್ಲ. ರೆವಿನ್ಯೂ ಸೈಟಿನ ಮೇಲೆ ಕಟ್ಟಿದ ಮನೆ, ಬಿ-ಖಾತೆಯ ಮನೆ, ಭೂಪರಿವರ್ತನೆಯಾಗದ ಜಾಗದ ಮನೆ ಇವುಗಳಿಗೆ ಬಾಗಿಲು ತೆರೆಯುವುದು ಕಷ್ಟ. ಬಿಡಿಎ, ಮುಡಾ, ಗೃಹಮಂಡಳಿ ನಿವೇಶನದವರು ಲೀಸ್ ಕಂ ಸೇಲ್ ಪತ್ರವನ್ನೇ ಕಪಾಟಿನಲ್ಲಿಟ್ಟುಕೊಂಡು ಶುದ್ಧ ಕ್ರಯಪತ್ರ ಮಾಡಿಸಿಕೊಳ್ಳುವುದನ್ನು ಮರೆತಿರುತ್ತಾರೆ. ಅದನ್ನು ಮೊದಲು ಮಾಡಿಸಬೇಕು. ಎಂದೋ ತೀರಿಸಿದ ಮನೆಸಾಲ ಇ.ಸಿ.ಯಲ್ಲಿ (ಋಣಭಾರ ಪ್ರಮಾಣಪತ್ರ) ಇನ್ನೂ ಕಾಣುತ್ತಿದೆಯಾ ಅಂತ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಒಮ್ಮೆ ತೆಗೆಸಿ ನೋಡಿ. ಬ್ಯಾಂಕು ಕೊಟ್ಟ ಋಣಮುಕ್ತ ಪತ್ರ ಮನೆಯಲ್ಲಿದ್ದರೆ ಸಾಲದು, ಅಡಮಾನ ನೋಂದಣಿಯಾಗಿದ್ದರೆ ಅದರ ಬಿಡುಗಡೆಯೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ದಾಖಲಾಗಬೇಕು. ಇದೆಲ್ಲ ಸಾಲ ತೆಗೆದುಕೊಳ್ಳದವರೂ ಎಪ್ಪತ್ತರೊಳಗೆ ಮಾಡಿ ಮುಗಿಸಬೇಕಾದ ಕೆಲಸ, ಎಂಬತ್ತಕ್ಕೆ ಆ ಕಚೇರಿಯ ಮೆಟ್ಟಿಲು ಹತ್ತುವುದು ಯಾರಿಗೂ ಬೇಡ.

ಹೆಂಡತಿಯ ಹೆಸರಿನ ವಿಷಯ ಬೇರೆಯಾಗಿಯೇ ಹೇಳಬೇಕು. ಮನೆ ಗಂಡನೊಬ್ಬನ ಹೆಸರಿನಲ್ಲಿದ್ದು, ಸಾಲವನ್ನೂ ಆತನೊಬ್ಬನೇ ತೆಗೆದುಕೊಂಡರೆ, ಆತ ತೀರಿಕೊಂಡ ದಿನವೇ ಸಾಲ ವಸೂಲಿಗೆ ಬರುತ್ತದೆ. ಹೆಂಡತಿ ಸಹಸಾಲಗಾರಳಾಗಿದ್ದರೆ ಆಕೆ ಇರುವವರೆಗೂ ಬ್ಯಾಂಕು ಕಾಯಬೇಕು. ದಂಪತಿಯಲ್ಲಿ ಒಬ್ಬರಿಗೆ 60 ಆಗಿರಬೇಕು, ಇನ್ನೊಬ್ಬರಿಗೆ 55ಕ್ಕೆ ಕಡಿಮೆ ಇರಬಾರದು. ನಮ್ಮಲ್ಲಿ ಗಂಡ ಹೆಂಡಿರ ನಡುವೆ ಎಂಟು ಹತ್ತು ವರ್ಷ ಅಂತರ ಇರುವ ಹಳೆಯ ಜೋಡಿಗಳು ಬೇಕಾದಷ್ಟು. ಅಂಥವರು ಚಿಕ್ಕವರಿಗೆ 55 ತುಂಬುವ ತನಕ ಅರ್ಜಿಯನ್ನೇ ಹಾಕಬಾರದು.

ಹದಿನಾರನೆಯ ವರ್ಷ

ಈ ಯೋಜನೆಯ ಬಗ್ಗೆ ನನ್ನ ದೊಡ್ಡ ತಕರಾರು ಇಲ್ಲಿದೆ. ಎಪ್ಪತ್ತಕ್ಕೆ ಶುರುಮಾಡಿದವರಿಗೆ ಎಂಬತ್ತೈದಕ್ಕೆ ಕಂತು ನಿಲ್ಲುತ್ತದೆ. ಮನೆಯಲ್ಲಿ ಸಾಯುವ ತನಕ ಇರಬಹುದು, ನಿಜ. ಆದರೆ ಮನೆಗೆಲಸದವರು, ರಾತ್ರಿ ನೋಡಿಕೊಳ್ಳುವವರು, ಮಾತ್ರೆಗಳು ಎಲ್ಲದಕ್ಕೂ ದುಡ್ಡು ಹೆಚ್ಚು ಬೇಕಾಗುವ ಹೊತ್ತಿಗೆ ಆದಾಯ ಸೊನ್ನೆ. ಸಾಲ ಮಾತ್ರ ನಿಲ್ಲುವುದಿಲ್ಲ. ನಮ್ಮ ಲೆಕ್ಕದ ಎಂಬತ್ತು ಲಕ್ಷ, ಇನ್ನು ಐದು ವರ್ಷ ಬದುಕಿದರೆ 1.32 ಕೋಟಿ. ಮನೆಯ ಬೆಲೆ ವರ್ಷಕ್ಕೆ ಶೇ. 5 ಏರಿದ್ದರೆ ಆ ಹೊತ್ತಿಗೆ ಅದು 2.65 ಕೋಟಿಯಾಗಿರುತ್ತದೆ, ಮಕ್ಕಳಿಗೆ ಅರ್ಧದಷ್ಟು ಉಳಿಯುತ್ತದೆ. ಹಳೆಯ ಫ್ಲ್ಯಾಟಾಗಿದ್ದು ಬೆಲೆ ಏರದಿದ್ದರೆ ಏನೂ ಉಳಿಯುವುದಿಲ್ಲ.

ಜೀವಮಾನ ಪೂರ್ತಿ ಬರುವ ಬಗೆಯೂ ಒಂದು ಇದೆ. ಬ್ಯಾಂಕು ಒಂದೇ ಗಂಟಿನಲ್ಲಿ ಜೀವವಿಮಾ ಕಂಪನಿಗೆ ಹಣ ಕಟ್ಟುತ್ತದೆ, ಕಂಪನಿ ನೀವಿರುವವರೆಗೂ ವರ್ಷಾಶನ ಕೊಡುತ್ತದೆ. 2009ರಲ್ಲಿ ಸೆಂಟ್ರಲ್ ಬ್ಯಾಂಕ್, ಸ್ಟಾರ್ ಯೂನಿಯನ್ ದಾಯ್-ಇಚಿ ಸೇರಿ ಇದನ್ನು ತಂದವು. ವಿಚಾರ ಸರಿಯಾದದ್ದೇ, ಆದರೆ ಬಡ್ಡಿ ಮೊದಲ ದಿನದಿಂದ ಪೂರ್ತಿ ಗಂಟಿನ ಮೇಲೆ ಬೀಳುತ್ತದೆ. 60 ಲಕ್ಷ ಶೇ. 10ರಲ್ಲಿ ಹತ್ತೇ ವರ್ಷಕ್ಕೆ 1.62 ಕೋಟಿ. ಬ್ಯಾಂಕಿನ ಶಾಖೆಗೆ ಹೋಗಿ ಇದನ್ನು ಕೇಳಿದರೆ ಕೌಂಟರಿನವರು ಒಳಗೆ ಹೋಗಿ ಮ್ಯಾನೇಜರನ್ನು ಕೇಳಿಬರುವ ಪರಿಸ್ಥಿತಿ.

ಇನ್ನೊಂದು ಷರತ್ತು ಒಂದು ವರ್ಷದ್ದು. ಸತತ ಒಂದು ವರ್ಷ ಮನೆಯಲ್ಲಿ ವಾಸ ಇಲ್ಲದಿದ್ದರೆ ಕಾಯಂ ಬಿಟ್ಟುಹೋದಂತೆ, ಸಾಲ ತೀರಿಸಬೇಕು. ಮಗನ ಮನೆಗೆ ಅಂತ ನ್ಯೂಜೆರ್ಸಿಗೆ ಆರು ತಿಂಗಳು ಹೋಗಿಬರುವವರಿಗೆ ತೊಂದರೆಯಿಲ್ಲ. ಸೊಂಟದ ಮೂಳೆ ಮುರಿದು ಮಗಳ ಮನೆಯಲ್ಲೇ ಉಳಿದವರಿಗೆ, ಮರೆವಿನ ಕಾಯಿಲೆಯಿಂದ ಆರೈಕೆ ಕೇಂದ್ರ ಸೇರಿದವರಿಗೆ ಇದು ಹೊಡೆತ. ಕಂದಾಯ, ವಿಮೆ, ದುರಸ್ತಿ ಸಾಲಗಾರರದೇ ಜವಾಬ್ದಾರಿ. ಒಂದು ವರ್ಷದ ಕಂದಾಯದ ರಸೀದಿ ಕಳೆದರೂ ಪತ್ರವ್ಯವಹಾರ ಶುರುವಾಗುತ್ತದೆ.

ಹಾಗಾದರೆ ಯಾರಿಗೆ?

ಎಪ್ಪತ್ತೆರಡು ದಾಟಿದ, ಮಕ್ಕಳಿಲ್ಲದ ಅಥವಾ ಮಕ್ಕಳಿಗೆ ಆ ಮನೆ ಬೇಡವಾದ, ಬಾಡಿಗೆಗೆ ಕೊಡುವ ಭಾಗ ಇಲ್ಲದ, ಪತ್ರಗಳು ಶುದ್ಧ ಇರುವ ದಂಪತಿಗೆ ಇದು ಚೆನ್ನಾಗಿಯೇ ಹೊಂದುತ್ತದೆ. ಒಂದಿಷ್ಟು ಪಿಂಚಣಿ ಮೊದಲೇ ಇರಬೇಕು, ಇದು ಅದರ ಮೇಲಿನ ಕೈಖರ್ಚಿಗೆ. ಅಂಥವರು ತಿಂಗಳ ಕಂತಿಗಿಂತ ಬೇಕಾದಾಗ ತೆಗೆಯುವ ಸಾಲಮಿತಿಯನ್ನು ಕೇಳಿ ನೋಡಲಿ. ತೆಗೆದಷ್ಟಕ್ಕೆ, ತೆಗೆದ ದಿನದಿಂದ ಮಾತ್ರ ಬಡ್ಡಿ. ಮೊದಲ ಐದು ವರ್ಷ ಹೆಚ್ಚೇನೂ ತೆಗೆಯದೆ ಕಾದರೆ ಕೊನೆಗಾಲಕ್ಕೆ ಹಣ ಉಳಿಯುತ್ತದೆ, ಹದಿನಾರನೆಯ ವರ್ಷದ ಸಮಸ್ಯೆ ಅಷ್ಟರಮಟ್ಟಿಗೆ ತಗ್ಗುತ್ತದೆ. ಆಸ್ಪತ್ರೆಗೆ ಅಂತ ಒಂದೇ ಸಲ ಬೇಕಾದರೆ ಒಪ್ಪಿದ ಸಾಲದ ಅರ್ಧ, ಗರಿಷ್ಠ 15 ಲಕ್ಷದವರೆಗೆ ಅವಕಾಶ ಇದೆ. ತಿಂಗಳ ಕಂತಿಗೆ ನಿಯಮಾವಳಿಯ ಗಡಿ 50,000. ಜಯನಗರದಲ್ಲಿ ಐದು ಕೋಟಿಯ ಮನೆ ಇದ್ದವರಿಗೂ ಅಷ್ಟೇ. ಅಂಥವರು ಮನೆ ಮಾರಿ ಮೈಸೂರಿಗೋ ಉಡುಪಿಗೋ ಹೋಗುವುದು ಲೆಕ್ಕದಲ್ಲಿ ಎಷ್ಟೋ ಮೇಲು, ಹೋಗಲು ಮನಸ್ಸಿದ್ದರೆ. ಸಹಿ ಹಾಕಿದ ಮೇಲೂ ಮೂರು ಕೆಲಸದ ದಿನಗಳೊಳಗೆ ಬೇಡ ಅನ್ನಬಹುದು, ಬಂದ ಹಣ ಇದ್ದರೆ ವಾಪಸು ಕೊಟ್ಟು. ನಡುವೆ ಯಾವಾಗ ತೀರಿಸಿದರೂ ದಂಡವಿಲ್ಲ.

ಮಕ್ಕಳಿದ್ದರೆ ಸಹಿಗೆ ಮುಂಚೆ ಅವರಿಗೆ ಹೇಳಿರಬೇಕು. ಇಬ್ಬರೂ ತೀರಿಕೊಂಡ ಮೇಲೆ ಸಾಲ ತೀರಿಸಿ ಮನೆ ಬಿಡಿಸಿಕೊಳ್ಳುವ ಮೊದಲ ಹಕ್ಕು ವಾರಸುದಾರರದು, ಆದರೆ ಅದಕ್ಕೆ ಬ್ಯಾಂಕು ಕೊಡುವುದು ಕೆಲವೇ ತಿಂಗಳು. ಅಷ್ಟರಲ್ಲಿ ಮರಣ ಪ್ರಮಾಣಪತ್ರ, ವಂಶವೃಕ್ಷ, ಉಯಿಲು, ಖಾತೆ ಬದಲಾವಣೆ, ಮೇಲೆ ದುಡ್ಡಿನ ಏರ್ಪಾಡು. ಅಮ್ಮನನ್ನು ನೋಡಿಕೊಳ್ಳಲು ಅದೇ ಮನೆಯಲ್ಲಿದ್ದ ಮಗಳಿಗೆ ಅಲ್ಲಿ ಇರುವ ಹಕ್ಕೇನೂ ಇರುವುದಿಲ್ಲ.

ಈ ವಿಷಯ ಮನೆಯಲ್ಲಿ ಎತ್ತಿದ ಸಂಜೆ ವಿಡಿಯೊ ಕಾಲಿನಲ್ಲಿ ಮಗ ಸಾಮಾನ್ಯವಾಗಿ ಹೇಳುವ ಮಾತು, "ಅಪ್ಪಾ, ಬ್ಯಾಂಕ್ ಯಾಕೆ? ತಿಂಗಳಿಗೆ ಎಷ್ಟು ಬೇಕು ಹೇಳಿ, ನಾನೇ ಹಾಕ್ತೀನಿ." ತಪ್ಪೇನಿಲ್ಲ, ಬ್ಯಾಂಕು ಮಾಡುವುದನ್ನೇ ಮಗ ಕಡಿಮೆ ಬಡ್ಡಿಗೆ ಮಾಡುತ್ತಾನೆ. ಆದರೆ ಆ 20 ಸಾವಿರ ಸಾಲವೋ, ಕರ್ತವ್ಯವೋ ಅನ್ನುವುದು ಅವತ್ತೇ ಇತ್ಯರ್ಥವಾಗಬೇಕು, ಬೆಂಗಳೂರಿನಲ್ಲಿರುವ ತಂಗಿಗೂ ಗೊತ್ತಿರಬೇಕು. ಸಾಲ ಅಂತಾದರೆ ಒಂದು ಕರಾರುಪತ್ರ, ಉಯಿಲಿನಲ್ಲಿ ಅದರ ಉಲ್ಲೇಖ. ಉಯಿಲನ್ನು ಬರೆದವರು ಯಾವಾಗ ಬೇಕಾದರೂ ಬದಲಿಸಬಹುದು, ಮಗನಿಗೆ ಭದ್ರತೆ ಬೇಕಿದ್ದರೆ ಅವನ ಹೆಸರಿಗೆ ಅಡಮಾನವನ್ನೇ ನೋಂದಾಯಿಸಿಕೊಡಬಹುದು. ದುಡ್ಡು ಕೊಡುತ್ತಾನಲ್ಲ ಅಂತ ದಾನಪತ್ರ ಮಾಡಿಕೊಡಲು ಹೊರಟವರು ಮಾತ್ರ ಒಂದು ಸಾಲು ಮರೆಯದೆ ಸೇರಿಸಿಕೊಳ್ಳಿ: ತಂದೆತಾಯಿಯ ಊಟ, ಔಷಧ, ವಾಸ ನೋಡಿಕೊಳ್ಳುವ ಷರತ್ತಿಗೆ ಒಳಪಟ್ಟು ಈ ದಾನ ಅಂತ. ಆ ಸಾಲು ಪತ್ರದಲ್ಲಿದ್ದರೆ, ಮುಂದೆ ಮಾತು ತಪ್ಪಿದಾಗ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಉಪವಿಭಾಗಾಧಿಕಾರಿಯ ಮುಂದೆ ಹೋಗಿ ದಾನವನ್ನು ರದ್ದು ಮಾಡಿಸಲು ಗಟ್ಟಿ ಆಧಾರ ಇರುತ್ತದೆ.